ಕೈಯ ಇಸುಬು: ಕಾರಣ ತಿಳಿಯಲು ಪ್ಯಾಚ್ ಪರೀಕ್ಷೆ



ಚಿಕ್ಕಜಾಜೂರಿನ ಸುತ್ತಿನ ಹೊಲದ ಬದು, ತೋಟದ ಅಂಚು, ರೈಲು ಹಳಿಯ ಪಕ್ಕ, ಎಲ್ಲೆಡೆ ಪಾರ್ಥೇನಿಯಂ ಕಳೆ ಬೆಳೆಯುತ್ತದೆ. ಜನ ಇದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. ಕಳೆ ಕೀಳುವವರ ಕೈಯಲ್ಲಿ ತುರಿಕೆ, ಬಿರುಕು, ನೀರುಗುಳ್ಳೆ ಕಂಡರೆ ದೂರು ಈ ಗಿಡದ ಮೇಲೆಯೇ. ದೂರು ಎಷ್ಟೋ ಸಲ ನಿಜವೂ ಹೌದು. ಗಿಡದ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಗ್ಗದವರಿಗೆ ಇಸುಬು ತರುತ್ತದೆ. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಆಗ ಮುಖ, ಕಣ್ಣುರೆಪ್ಪೆ, ಕುತ್ತಿಗೆಗಳಲ್ಲೂ ಬಾಧೆ ಕಾಣುತ್ತದೆ.

ಆದರೆ ಕೈಗೆ ತಗಲುವುದು ಕಳೆಯೊಂದೇ ಅಲ್ಲ. ಸುಲಿಯುವ ಬೆಳ್ಳುಳ್ಳಿ, ಸಿಮೆಂಟಿನಲ್ಲಿರುವ ಕ್ರೋಮಿಯಂ ಅಂಶ, ರಬ್ಬರ್ ಕೈಗವಸು, ಗಾಯಕ್ಕೆ ಹಚ್ಚಿದ ಮುಲಾಮು, ಇವುಗಳಿಂದಲೂ ಇಸುಬು ಬರಬಹುದು. ನೋಟಕ್ಕೆ ಎಲ್ಲವೂ ಒಂದೇ ತರಹ. ಊಹೆಯ ಮೇಲೆ ನಡೆದರೆ, ಬಿಡಬೇಕಿಲ್ಲದ ಕೆಲಸ ಬಿಟ್ಟು ಕೂಲಿ ಹೋಗುತ್ತದೆ. ನಿಜವಾದ ಕಾರಣ ಮನೆಯಲ್ಲೇ ಉಳಿಯುತ್ತದೆ.

ಕಾರಣ ಗೊತ್ತುಮಾಡುವ ವಿಧಾನವೇ ಪ್ಯಾಚ್ ಪರೀಕ್ಷೆ. ಯಾಡಸ್ಸೋನ್ ಎಂಬ ವೈದ್ಯರು 1895ರಲ್ಲಿ ಇದನ್ನು ತಿಳಿಸಿದರು. ಸಂಶಯವಿರುವ ವಸ್ತುಗಳನ್ನು ಗೊತ್ತಾದ ಪ್ರಮಾಣದಲ್ಲಿ ಸಣ್ಣ ಬಿಲ್ಲೆಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಒಗ್ಗದ ವಸ್ತುವಿದ್ದ ಜಾಗ ಕೆಂಪಾಗಿ ಉಬ್ಬುತ್ತದೆ. ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ.

ಈ ದಿನಗಳಲ್ಲಿ ಬೆನ್ನು ನೆನೆಯಬಾರದು, ಬೆವರುವ ಕೆಲಸ ಕೂಡದು. ಆದ್ದರಿಂದ ಬಿತ್ತನೆ, ಕೊಯ್ಲುಗಳ ನಡುವಿನ ಬಿಡುವಿನ ವಾರ ಇದಕ್ಕೆ ಒಳ್ಳೆಯದು. ನುಂಗುತ್ತಿರುವ ಮಾತ್ರೆ, ಹಚ್ಚುತ್ತಿರುವ ಮುಲಾಮುಗಳ ಹೆಸರನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸ್ಟೀರಾಯ್ಡ್ ಔಷಧಿಯಿಂದ ಫಲಿತಾಂಶ ಮರೆಯಾಗಬಹುದು. ಗಿಡದ ಎಲೆಯನ್ನು ತಾವೇ ಮೈಗೆ ಕಟ್ಟಿಕೊಂಡು ನೋಡುವುದು ಅಪಾಯ. ಚರ್ಮ ಸುಟ್ಟಂತಾಗಬಹುದು, ಇಲ್ಲದ ಅಲರ್ಜಿ ಹೊಸದಾಗಿ ಹುಟ್ಟಲೂಬಹುದು.

ಪಾರ್ಥೇನಿಯಂ ಎಂದು ಖಚಿತವಾದರೆ, ಆ ವ್ಯಕ್ತಿಯನ್ನು ಕಳೆ ಕೀಳಲು ಕಳುಹಿಸಬಾರದು. ಉಳಿದವರು ಕೈಗವಸು, ತುಂಬುತೋಳಿನ ಅಂಗಿ ಧರಿಸಿ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಬೆಳೆಯಿಲ್ಲದ ಜಾಗದಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡಿಗೆ ಉಪ್ಪು ಕರಗಿಸಿ ಸಿಂಪಡಿಸಬಹುದು. ರಬ್ಬರ್ ಒಗ್ಗದಿದ್ದರೆ ಪ್ಲಾಸ್ಟಿಕ್ ಕೈಗವಸು ಬಳಸಬೇಕು.

ಇಸುಬು ವಾರಗಟ್ಟಲೆ ಮಾಯದಿದ್ದರೆ ಮುಲಾಮು ಬದಲಿಸುತ್ತ ಕೂರದೆ, ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಈ ಪರೀಕ್ಷೆಯ ಬಗ್ಗೆ ವಿಚಾರಿಸಿರಿ. ದುಡಿಯುವ ಕೈ ಉಳಿದರೆ ಬೇಸಾಯವೂ ಉಳಿದೀತು.