ಕಚೇರಿಗಳಿಗೂ ಒಂದು ಅಂಕಪಟ್ಟಿ

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ಜಿಲ್ಲೆ ಒಂದೇ, ಕಾನೂನು ಒಂದೇ, ಅರ್ಜಿ ನಮೂನೆಯೂ ಒಂದೇ. ಹಾಗಿದ್ದಮೇಲೆ ಎರಡೂ ಕಡೆ ಕೆಲಸ ಒಂದೇ ಥರ ಆಗಬೇಕಲ್ಲವೇ? ಆಗುತ್ತಿದೆಯೇ ಎಂದು ನೋಡಲು ಅಳತೆ ಬೇಕು. ಆ ಅಳತೆ ನಮ್ಮಲ್ಲಿಗೆ ಬಂದ ದಾರಿ ಉದ್ದದ್ದು.

1881ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಬಂದವರು ದಿವಾನರ ಮುಂದೆ ಅಹವಾಲು ಇಡುತ್ತಿದ್ದರು. ಆದರೆ ಯಾವ ಕಚೇರಿ ಹೇಗೆ ನಡೆಯುತ್ತಿದೆ ಎಂದು ತೂಗಿ ನೋಡುವ ಕ್ರಮ ಇರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕಚೇರಿಗಳ ದಕ್ಷತೆಯ ತಪಾಸಣೆಗೆ ಏರ್ಪಾಟು ಮಾಡಿದರು. ಹಣದ ಲೆಕ್ಕದ ಜೊತೆಗೆ ಕೆಲಸದ ಲೆಕ್ಕವನ್ನೂ ಕೇಳಿದ್ದು ದೊಡ್ಡ ಹೆಜ್ಜೆ. ಆದರೂ ಕೇಳಿದ್ದು ಮೇಲಧಿಕಾರಿ, ಹೇಳಿದ್ದು ಕೆಳಗಿನವರು.

ಜನರನ್ನೇ ಕೇಳಿದ್ದು ಬಹಳ ತಡವಾಗಿ. 1993ರಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯಲ್ ಪಾಲ್ ಮತ್ತು ಸಂಗಡಿಗರು ನೀರು, ವಿದ್ಯುತ್, ನಗರಪಾಲಿಕೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇವುಗಳ ಸೇವೆ ಹೇಗಿದೆ ಎಂದು ನಾಗರಿಕರನ್ನು ವಿಚಾರಿಸಿ, ಒಂದರ ಪಕ್ಕ ಒಂದನ್ನಿಟ್ಟು ಪ್ರಕಟಿಸಿದರು. ಬಿಡಿಎ ಬಗ್ಗೆ ತೃಪ್ತಿ ಸೂಚಿಸಿದವರು ನೂರಕ್ಕೆ ಒಬ್ಬರು! 1999, 2003ರಲ್ಲಿ ಅದೇ ಪರೀಕ್ಷೆ ಮತ್ತೆ ನಡೆಯಿತು. 2003ರ ಹೊತ್ತಿಗೆ ಅಂಕಗಳು ಚೆನ್ನಾಗಿಯೇ ಏರಿದ್ದವು.

ಕಚೇರಿಗಳಂತೆ ತಾಲ್ಲೂಕುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಾಯಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ ಎಂದಿತು. ಜಿಲ್ಲೆಯ ಸರಾಸರಿಯಲ್ಲಿ ಮುಚ್ಚಿಹೋಗುತ್ತಿದ್ದ ತಾಲ್ಲೂಕಿನ ಕಷ್ಟ ಆಗ ಕಣ್ಣಿಗೆ ಬಿತ್ತು.

2012ರಲ್ಲಿ ರಾಜ್ಯವಿಡೀ ಬಂದ ಸಕಾಲ, ಅಂದರೆ ಗಡುವಿನೊಳಗೆ ಸೇವೆ ಕೊಡುವ ಖಾತರಿ ಯೋಜನೆ, ಕಚೇರಿಗಳ ಅಳತೆಯನ್ನು ನಾಡಕಚೇರಿಯ ಕಿಟಕಿಗೇ ತಂದಿತು. ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೈಗೆ ಬರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ ಎಂಬ ಪಟ್ಟಿಯೂ ಇದರಿಂದಲೇ ಸಿದ್ಧವಾಗುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಗಡುವಿನೊಳಗೆ ಅರ್ಜಿ ತಿರಸ್ಕರಿಸಿದರೂ ಅದು ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಬೇಗ ಮುಗಿಸಿದ ಕಚೇರಿಯೇ ಒಳ್ಳೆಯ ಕಚೇರಿ ಎನ್ನಲಾಗದು. ಎಷ್ಟು ತಿರಸ್ಕಾರ, ಯಾವ ಕಾರಣಕ್ಕೆ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಬಂಡೀಪುರದ ಕಾಡಂಚಿನ ಹಳ್ಳಿಯಿಂದ ದಿನದ ಕೂಲಿ ಬಿಟ್ಟು ಗುಂಡ್ಲುಪೇಟೆಗೆ ಬರುವವರಿಗೆ ಒಂದು ತಿರಸ್ಕಾರವೆಂದರೆ ಇನ್ನೊಂದು ದಿನದ ಕೂಲಿ ಹೋದಂತೆ.

ಹಾಗಾಗಿ ಕೇಳುಗರೇ, ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಿ.