ಸೌಮ್ಯವಾದ ಥೈರಾಯ್ಡ್ ನ್ಯೂನತೆಯೂ ಹೃದಯದ ಆರೋಗ್ಯವೂ



ಮನುಷ್ಯನ ಶರೀರದಲ್ಲಿ ಹೃದಯ, ಶ್ವಾಸಕೋಶ, ಜಠರ ಮೊದಲಾದ ದೊಡ್ಡ ಅವಯವಗಳ ಕೆಲಸವನ್ನು ಎಲ್ಲರೂ ಬಲ್ಲರು. ಸಣ್ಣ ಗ್ರಂಥಿಗಳ ಕೆಲಸವಾದರೋ ಅದು ಕೆಟ್ಟಾಗ ಮಾತ್ರ ಅರಿವಿಗೆ ಬರುತ್ತದೆ. ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಎರಡು ಬದಿಯಿಂದಲೂ ಅಪ್ಪಿಕೊಂಡು, ರೆಕ್ಕೆ ಹರಡಿದ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ಇಂಥವುಗಳಲ್ಲಿ ಒಂದು. ಪ್ರಾಯಕ್ಕೆ ಬಂದವರಲ್ಲಿ ಇದರ ತೂಕವು ಸುಮಾರು 15ರಿಂದ 25 ಗ್ರಾಂ ಮಾತ್ರ. ಇದು ಅನ್ನಪಾನಾದಿಗಳಿಂದ ಬಂದ ಅಯೊಡಿನ್ನನ್ನು ರಕ್ತದಿಂದ ಹೀರಿಕೊಂಡು, ಥೈರಾಕ್ಸಿನ್ ಎಂಬ ರಸವನ್ನು ಸಿದ್ಧಪಡಿಸಿ, ಅದನ್ನು ಮತ್ತೆ ರಕ್ತಕ್ಕೇ ಒಪ್ಪಿಸುತ್ತದೆ. ದೇಹವು ಎಷ್ಟು ಶಾಖವನ್ನು ಹುಟ್ಟಿಸಬೇಕು, ಉಂಡ ಆಹಾರವನ್ನು ಯಾವ ವೇಗದಿಂದ ಶಕ್ತಿಯಾಗಿ ಮಾರ್ಪಡಿಸಬೇಕು, ಹೃದಯವು ಎಷ್ಟು ಚುರುಕಾಗಿ ಮಿಡಿಯಬೇಕು ಎಂಬುದೆಲ್ಲವೂ ಬಹುಮಟ್ಟಿಗೆ ಈ ರಸದ ಅಧೀನದಲ್ಲಿದೆ.

ಈಗಿನ ಕಾಲದಲ್ಲಿ ರಕ್ತಪರೀಕ್ಷೆಯು ಸುಲಭವಾಗಿರುವುದರಿಂದ, ಎಷ್ಟೋ ಮನೆಗಳಲ್ಲಿ ಟಿ.ಎಸ್.ಎಚ್. ಎಂಬ ಅಂಕಿಯು ಸ್ವಲ್ಪ ಏರಿದೆಯೆಂಬ ವರದಿಯು ಕೈಗೆ ಬರುತ್ತದೆ. ಅದನ್ನು ಕಂಡು ಕೆಲವರು ಮಹಾವ್ಯಾಧಿಯೇ ಬಂದಿತೆಂದು ಎದೆಗುಂದುತ್ತಾರೆ. ಮತ್ತೆ ಕೆಲವರು ವರದಿಯನ್ನು ಮಡಿಚಿಟ್ಟು ಮರೆತುಬಿಡುತ್ತಾರೆ. ಈ ಎರಡು ನಡೆಗಳಿಂದಲೂ ಹಾನಿಯುಂಟು. ಸೌಮ್ಯವಾದ ನ್ಯೂನತೆಯು ಯಾರಿಗೆ ಅಪಾಯಕರ, ಯಾರಿಗೆ ಅಲ್ಲ. ಔಷಧವು ಯಾರಿಗೆ ಹಿತ, ಯಾರಿಗೆ ಅಹಿತ ಎಂಬ ವಿವೇಚನೆಯೇ ಈ ಉಪನ್ಯಾಸದ ವಿಷಯವಾಗಿದೆ.

ಮೊದಲು ಪೂರ್ಣನ್ಯೂನತೆಯ ಇತಿಹಾಸವನ್ನು ಸಂಕ್ಷೇಪವಾಗಿ ತಿಳಿಯುವುದು ಉಚಿತ. 1873ರಲ್ಲಿ ಲಂಡನ್ನಿನ ವೈದ್ಯನಾದ ವಿಲಿಯಂ ಗಲ್ ಎಂಬವನು, ಮುಖವು ಉಬ್ಬಿ, ಮಾತು ಜಡವಾಗಿ, ದೇಹವೂ ಮನಸ್ಸೂ ಮಂದವಾಗುತ್ತ ಬಂದ ಪ್ರೌಢಸ್ತ್ರೀಯರ ರೋಗವನ್ನು ವಿವರಿಸಿದನು. 1883ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡೋರ್ ಕೋಖರನು, ಗಳಗಂಡಕ್ಕಾಗಿ ಇಡೀ ಗ್ರಂಥಿಯನ್ನೇ ತೆಗೆದುಹಾಕಿದ ರೋಗಿಗಳಲ್ಲಿ ಇಂಥ ಲಕ್ಷಣಗಳೇ ತೋರಿದುದನ್ನು ಪ್ರಕಟಪಡಿಸಿದನು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಜಾರ್ಜ್ ಮರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು 46 ವರ್ಷದ ಒಬ್ಬ ರೋಗಿಣಿಗೆ ಚುಚ್ಚಿ ಕೊಟ್ಟನು. ಕೈಬಿಟ್ಟಂತಿದ್ದ ಆ ತಾಯಿಯು ಚೇತರಿಸಿಕೊಂಡು, ಮುಂದೆ 28 ವರ್ಷಕಾಲ ಬಾಳಿದಳು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲನು ಥೈರಾಕ್ಸಿನ್ನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದನು. 1918ರಲ್ಲಿ ಜರ್ಮನಿಯ ಹರ್ಮನ್ ಜೊಂಡೆಕ್ಕನು, ಈ ರೋಗದಲ್ಲಿ ಹೃದಯವು ಹಿಗ್ಗಿ ನಿಧಾನವಾಗುವುದನ್ನೂ, ಗ್ರಂಥಿಸಾರವನ್ನು ಕೊಟ್ಟರೆ ಅದು ಮರಳಿ ತನ್ನ ಗಾತ್ರಕ್ಕೆ ಬರುವುದನ್ನೂ ತೋರಿಸಿಕೊಟ್ಟನು. ಕೊರಳಿನ ಗ್ರಂಥಿಗೂ ಎದೆಯೊಳಗಿನ ಹೃದಯಕ್ಕೂ ಇರುವ ಸಂಬಂಧವು ಹೀಗೆ ನೂರು ವರ್ಷಗಳಿಗೂ ಹಿಂದೆಯೇ ಸಿದ್ಧವಾಯಿತು.

ಇನ್ನು ಸೌಮ್ಯ ನ್ಯೂನತೆಯೆಂದರೇನು? ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ದೊಡ್ಡದಾದ ಮತ್ತೊಂದು ಗ್ರಂಥಿಯಿದೆ. ಅದು ಥೈರಾಯ್ಡಿನ ಮೇಲ್ವಿಚಾರಕನಂತೆ ಇದ್ದು, ಟಿ.ಎಸ್.ಎಚ್. ಎಂಬ ರಸದ ಮೂಲಕ ಅಪ್ಪಣೆಯನ್ನು ಕಳುಹಿಸುತ್ತದೆ. ಆಳು ಸ್ವಲ್ಪ ಸಡಿಲಬಿಟ್ಟರೂ ಯಜಮಾನನು ಬಹಳ ಗಟ್ಟಿಯಾಗಿ ಕೂಗುವಂತೆ, ಥೈರಾಕ್ಸಿನ್ ಕೊಂಚ ಇಳಿದರೂ ಟಿ.ಎಸ್.ಎಚ್. ಬಹಳವಾಗಿ ಏರುತ್ತದೆ. ಥೈರಾಕ್ಸಿನ್ ಅರ್ಧಕ್ಕಿಳಿದರೆ ಟಿ.ಎಸ್.ಎಚ್. ಸುಮಾರು ನೂರು ಪಟ್ಟು ಏರಬಲ್ಲದು. ಆದುದರಿಂದ ಥೈರಾಕ್ಸಿನ್ನಿನ ಪ್ರಮಾಣವು ಇನ್ನೂ ಕ್ರಮದಲ್ಲಿಯೇ ಇರುವಾಗ ಟಿ.ಎಸ್.ಎಚ್. ಮಾತ್ರ ಮಿತಿಮೀರಿರುವುದುಂಟು. ಈ ಸ್ಥಿತಿಗೇ ಸೌಮ್ಯ ನ್ಯೂನತೆಯೆಂದು ಹೆಸರು. ಸಾಮಾನ್ಯವಾಗಿ ಪ್ರಯೋಗಶಾಲೆಗಳು ಸುಮಾರು 0.4ರಿಂದ 4ರವರೆಗಿನ ಅಂಕಿಯನ್ನು ಕ್ರಮವೆಂದು ಎಣಿಸುತ್ತವೆ. ಅದನ್ನು ದಾಟಿ 10ರೊಳಗೆ ಇರುವುದು ಒಂದು ವರ್ಗ. 10 ಅಥವಾ ಅದಕ್ಕೂ ಮೇಲಿರುವುದು ಬೇರೊಂದು ವರ್ಗ. ಈ ಭೇದವನ್ನು ನೆನಪಿನಲ್ಲಿಡುವುದು ಮುಖ್ಯ.

ಇದಕ್ಕೆ ಕಾರಣಗಳು ಹಲವು. ಶರೀರದ ರಕ್ಷಣಾಶಕ್ತಿಯು ದಾರಿತಪ್ಪಿ ತನ್ನದೇ ಗ್ರಂಥಿಯನ್ನು ಹಗೆಯೆಂದು ಬಗೆದು ಕ್ಷೀಣಗೊಳಿಸುವುದು ಒಂದು. ಈ ರೋಗಕ್ಕೆ, 1912ರಲ್ಲಿ ಅದನ್ನು ವರ್ಣಿಸಿದ ಜಪಾನೀ ವೈದ್ಯ ಹಷಿಮೊಟೊ ಎಂಬವನ ಹೆಸರು ನಿಂತಿದೆ. ಅಯೊಡಿನ್ನಿನ ಕೊರತೆಯು ಮತ್ತೊಂದು. ಅತಿಯಾದ ಅಯೊಡಿನ್, ಲಿಥಿಯಂ, ಅಮಿಯೊಡರೋನ್ ಮೊದಲಾದ ಔಷಧಗಳು, ಗ್ರಂಥಿಗೆ ಮಾಡಿದ ಶಸ್ತ್ರಚಿಕಿತ್ಸೆ ಇವೂ ಕಾರಣವಾಗಬಲ್ಲವು. ಭಾರತದಲ್ಲಿ ಹಿಮಾಲಯದ ತಪ್ಪಲಿನ ಗಳಗಂಡವು ಬಹುಕಾಲದ ಪಿಡುಗಾಗಿತ್ತು. 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ರಾಮಲಿಂಗಸ್ವಾಮಿಯವರು ಮತ್ತು ಅವರ ಸಂಗಡಿಗರು ಅಯೊಡಿನ್ ಬೆರೆಸಿದ ಉಪ್ಪಿನ ಪರೀಕ್ಷೆಯನ್ನು ಆರಂಭಿಸಿ, ಅದರಿಂದ ಗಳಗಂಡವು ಇಳಿಮುಖವಾಗುವುದೆಂದು ತೋರಿಸಿದರು. 1962ರಲ್ಲಿ ದೇಶದ ಗಳಗಂಡ ನಿವಾರಣಾ ಕಾರ್ಯಕ್ರಮವು ಮೊದಲಾಯಿತು. ಇಷ್ಟಾದರೂ ಗ್ರಂಥಿಯ ನ್ಯೂನತೆಯು ನಿರ್ಮೂಲವಾಗಿಲ್ಲ. ಬೆಂಗಳೂರೂ ಸೇರಿದಂತೆ ಎಂಟು ಪಟ್ಟಣಗಳ 5,376 ಮಂದಿ ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರಕ್ಕೆ ಸುಮಾರು ಎಂಟು ಜನರಲ್ಲಿ ಸೌಮ್ಯ ನ್ಯೂನತೆಯು ಕಂಡುಬಂದಿತು. ಇದು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ಗ್ರಂಥಿಯ ಮಾಂದ್ಯವು ಹೃದಯವನ್ನು ಮುಟ್ಟುವ ಬಗೆ ಹೇಗೆಂದರೆ: ರಕ್ತದಲ್ಲಿ ಸಂಚರಿಸುವ ಕೆಟ್ಟ ಕೊಲೆಸ್ಟರಾಲನ್ನು ಯಕೃತ್ತು ಹಿಡಿದು ತೆಗೆಯಬೇಕಾದರೆ ಥೈರಾಯ್ಡ್ ರಸದ ಪ್ರೇರಣೆಯು ಬೇಕು. ಪ್ರೇರಣೆಯು ಕುಂದಿದರೆ ಕೊಲೆಸ್ಟರಾಲ್ ರಕ್ತದಲ್ಲಿಯೇ ಉಳಿದು ರಕ್ತನಾಳಗಳ ಗೋಡೆಗೆ ಹತ್ತುತ್ತದೆ. ನಾಳಗಳು ಸಡಿಲಗೊಳ್ಳದೆ ಬಿಗಿಯುವುದರಿಂದ ರಕ್ತದೊತ್ತಡದ ಕೆಳಗಿನ ಅಂಕಿಯು ಏರಬಹುದು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹೃದಯವು ಸಡಿಲಗೊಂಡು ರಕ್ತವನ್ನು ತುಂಬಿಕೊಳ್ಳುವ ಕ್ರಿಯೆಯೂ ನಿಧಾನವಾಗುವುದು. ಇನ್ಸುಲಿನ್ನಿನ ಮಾತನ್ನು ದೇಹವು ಕೇಳುವುದು ಕಡಮೆಯಾಗಿ ಸಕ್ಕರೆಯ ನಿರ್ವಹಣೆಯೂ ಕೆಡಬಹುದು. ಪೂರ್ಣನ್ಯೂನತೆಯಲ್ಲಿ ಈ ಬದಲಾವಣೆಗಳು ಸ್ಫುಟವಾಗಿ ತೋರುವವು. ಸೌಮ್ಯ ನ್ಯೂನತೆಯಲ್ಲಿ ಸ್ವಲ್ಪವೇ ತೋರುವವು, ಕೆಲವರಲ್ಲಿ ತೋರದೆಯೂ ಇರುವವು. ಮೈ ದಪ್ಪವಾಗುವುದಕ್ಕೆಲ್ಲ ಥೈರಾಯ್ಡೇ ಕಾರಣವೆಂಬ ನಂಬಿಕೆಯು ಜನರಲ್ಲಿ ಬೇರೂರಿದೆ; ಸೌಮ್ಯ ನ್ಯೂನತೆಯಿಂದ ಏರುವ ತೂಕವು ಅತ್ಯಲ್ಪ. ಗುಳಿಗೆಯನ್ನು ನಂಬಿ ಊಟದ ಮಿತಿಯನ್ನೂ ನಡಿಗೆಯನ್ನೂ ಬಿಟ್ಟವನು ಎರಡು ಕಡೆಯಿಂದಲೂ ನಷ್ಟಪಡುವನು.

ಅಪಾಯವೆಷ್ಟೆಂಬುದಕ್ಕೆ ಪ್ರಮಾಣಗಳೂ ದೊರೆತಿವೆ. 2010ರಲ್ಲಿ ಹನ್ನೊಂದು ಅಧ್ಯಯನಗಳ 55,287 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಲಾಯಿತು. ಟಿ.ಎಸ್.ಎಚ್. 10 ಅಥವಾ ಅದಕ್ಕಿಂತ ಹೆಚ್ಚಾಗಿದ್ದವರಲ್ಲಿ ಹೃದಯದ ರಕ್ತನಾಳದ ರೋಗವು ಇತರರಿಗಿಂತ ಸುಮಾರು 1.9 ಪಟ್ಟು ಇದ್ದಿತು. 4.5ರಿಂದ 7ರೊಳಗೆ ಇದ್ದವರಲ್ಲಾದರೋ ಸ್ಪಷ್ಟವಾದ ಹೆಚ್ಚಳವು ಕಂಡುಬರಲಿಲ್ಲ. ಹಾಗೆಯೇ ಇಂಗ್ಲೆಂಡಿನ ವಿಕಮ್ ಎಂಬ ಊರಿನ ಜನರನ್ನು 20 ವರ್ಷಗಳ ತರುವಾಯ ಮತ್ತೆ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ವರದಿಯಂತೆ, ಟಿ.ಎಸ್.ಎಚ್. ಏರಿದ್ದು, ಅದರೊಡನೆ ಗ್ರಂಥಿಗೆ ವಿರುದ್ಧವಾದ ಪ್ರತಿವಸ್ತುಗಳೂ ರಕ್ತದಲ್ಲಿದ್ದ ಸ್ತ್ರೀಯರಲ್ಲಿ ವರ್ಷಕ್ಕೆ ನೂರಕ್ಕೆ ನಾಲ್ವರಿಗಿಂತ ತುಸು ಹೆಚ್ಚು ಮಂದಿ ಪೂರ್ಣನ್ಯೂನತೆಗೆ ಜಾರಿದರು. ಎಂದರೆ, ಸೌಮ್ಯ ನ್ಯೂನತೆಯು ಕೆಲವರಲ್ಲಿ ಮುಂದುವರಿಯುವುದು. ಬಹುಮಂದಿಯಲ್ಲಿ ಅಷ್ಟು ಬೇಗ ಮುಂದುವರಿಯದು.

ಹಾಗಾದರೆ ಅಂಕಿ ಏರಿದವರಿಗೆಲ್ಲ ಥೈರಾಕ್ಸಿನ್ ಕೊಟ್ಟುಬಿಡಬಾರದೇಕೆ ಎಂದು ಕೇಳಬಹುದು. 65 ವರ್ಷ ಮೀರಿದ 737 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಥೈರಾಕ್ಸಿನ್ನನ್ನೂ ಇನ್ನೊಂದು ಪಾಲಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟು ಯುರೋಪಿನಲ್ಲಿ ನಡೆಸಿದ ಪರೀಕ್ಷೆಯ ಫಲವು 2017ರಲ್ಲಿ ಪ್ರಕಟವಾಯಿತು. ಔಷಧ ಸೇವಿಸಿದವರ ಅಂಕಿಯು ಇಳಿಯಿತು. ಆಯಾಸವಾಗಲಿ ಇತರ ಬಾಧೆಯಾಗಲಿ ಇಳಿಯಲಿಲ್ಲ. ಹೃದಯಾಘಾತವನ್ನು ತಡೆಯುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸಲು ಆ ಪರೀಕ್ಷೆಯು ಸಾಲುವಷ್ಟು ದೊಡ್ಡದಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ನೆದರ್ಲೆಂಡಿನ ಲೈಡನ್ ನಗರದಲ್ಲಿ 85 ವರ್ಷದ ವೃದ್ಧರನ್ನು ನಾಲ್ಕು ವರ್ಷ ಅನುಸರಿಸಿ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿ.ಎಸ್.ಎಚ್. ಹೆಚ್ಚಾಗಿದ್ದವರು ಉಳಿದವರಿಗಿಂತ ಮೊದಲೇ ಸಾಯಲಿಲ್ಲ. ಅವರ ಆಯುಸ್ಸೇ ಹೆಚ್ಚೆಂದು ತೋರಿತು. ಮುಪ್ಪಿನಲ್ಲಿ ಈ ಅಂಕಿಯು ತುಸು ಏರುವುದು ವಯೋಧರ್ಮವೇ ಆಗಿದೆ.

ಔಷಧವು ಮಿತಿಮೀರಿದರೆ ಆಗುವ ಕೇಡೂ ಸಣ್ಣದಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 60 ವರ್ಷ ಮೀರಿದವರನ್ನು ಹತ್ತು ವರ್ಷ ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಟಿ.ಎಸ್.ಎಚ್. 0.1 ಅಥವಾ ಅದಕ್ಕಿಂತ ಕೆಳಗಿದ್ದವರಲ್ಲಿ ಹೃದಯದ ಮೇಲ್ಗಡೆಯ ಕೋಣೆಗಳು ಲಯತಪ್ಪಿ ಅದಿರುವ ರೋಗವು ಸುಮಾರು ಮೂರು ಪಟ್ಟು ಹೆಚ್ಚಾಗಿ ಬಂದಿತು. ಈ ಲಯಭಂಗದಿಂದ ರಕ್ತವು ಹೆಪ್ಪುಗಟ್ಟಿ ಪಾರ್ಶ್ವವಾಯುವಿಗೆ ಹಾದಿಯಾಗುವುದುಂಟು. ಇದಲ್ಲದೆ ಮುಟ್ಟು ನಿಂತ ಸ್ತ್ರೀಯರಲ್ಲಿ ಅತಿಯಾದ ಥೈರಾಕ್ಸಿನ್ ಎಲುಬನ್ನು ಸವೆಯಿಸುತ್ತದೆ. ಹೃದಯವನ್ನು ಕಾಯಲೆಂದು ಕೊಟ್ಟ ಗುಳಿಗೆಯೇ ಪ್ರಮಾಣ ತಪ್ಪಿದಾಗ ಹೃದಯಕ್ಕೆ ಶತ್ರುವಾಗುವುದೆಂಬುದನ್ನು ವೃದ್ಧ ತಂದೆತಾಯಿಗಳಿಗೆ ಔಷಧ ಕೊಡಿಸುವ ಮಕ್ಕಳು ಅರಿತಿರಬೇಕು.

ಈ ಎರಡೂ ಕಡೆಗಳನ್ನು ತೂಗಿ ನೋಡಿದರೆ ನಡೆಯಬೇಕಾದ ದಾರಿಯು ಸ್ಪಷ್ಟವಾಗುತ್ತದೆ. ಒಂದೇ ಸಲದ ವರದಿಯನ್ನು ನಂಬಿ ನಿರ್ಣಯಿಸಲಾಗದು. ಟಿ.ಎಸ್.ಎಚ್. ರಾತ್ರಿ ಏರಿ ಹಗಲು ಇಳಿಯುವ ಸ್ವಭಾವವುಳ್ಳದ್ದು. ಬೇರೊಂದು ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಕೆಲಕಾಲ ಏರಿರುವುದು. ಕೂದಲಿನ ಪೋಷಣೆಗೆಂದು ಸೇವಿಸುವ ಬಯೊಟಿನ್ ಗುಳಿಗೆಗಳು ಪರೀಕ್ಷೆಯ ಅಂಕಿಯನ್ನೇ ತಪ್ಪಿಸಬಲ್ಲವು. ಎರಡು ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಎಷ್ಟೋ ಜನರ ಅಂಕಿಯು ತಾನಾಗಿಯೇ ಕ್ರಮಕ್ಕೆ ಬಂದಿರುತ್ತದೆ. ಎರಡನೆಯ ಸಲವೂ 10ನ್ನು ಮೀರಿದ್ದರೆ, ವಿಶೇಷವಾಗಿ ವಯಸ್ಸು ಹೆಚ್ಚಾಗಿರದಿದ್ದರೆ, ವೈದ್ಯರು ಚಿಕಿತ್ಸೆಯ ಕಡೆಗೇ ಒಲಿಯುವರು. 10ರೊಳಗಿದ್ದರೆ ವಯಸ್ಸು, ಬಾಧೆ, ಪ್ರತಿವಸ್ತು, ಕೊಲೆಸ್ಟರಾಲ್ ಇವುಗಳನ್ನು ನೋಡಿ ನಿರ್ಣಯವಾಗುವುದು. ಬಹಳ ಮಂದಿಗೆ ಕಾದು ನೋಡುವುದೇ ಚಿಕಿತ್ಸೆ.

ಗರ್ಭಿಣಿಯರ ವಿಷಯವು ಮಾತ್ರ ಪ್ರತ್ಯೇಕ. ಮೊದಲ ತಿಂಗಳುಗಳಲ್ಲಿ ಶಿಶುವು ತನಗೆ ಬೇಕಾದ ಥೈರಾಕ್ಸಿನ್ನಿಗಾಗಿ ತಾಯಿಯನ್ನೇ ನಂಬಿರುತ್ತದೆ; ಅದರ ಮೆದುಳಿನ ಬೆಳವಣಿಗೆಗೆ ಆ ರಸವು ಅತ್ಯವಶ್ಯ. ಆದುದರಿಂದ ಗರ್ಭಿಣಿಯಾಗಲಿ, ಗರ್ಭವನ್ನು ಬಯಸುವವಳಾಗಲಿ, ಅಂಕಿಯು ಏರಿದೆಯೆಂದು ತಿಳಿದೊಡನೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮೊದಲಿನಿಂದಲೇ ಥೈರಾಕ್ಸಿನ್ ಸೇವಿಸುತ್ತಿರುವವರು ಗರ್ಭ ನಿಂತಾಗ ಅದನ್ನು ತಾವಾಗಿ ನಿಲ್ಲಿಸಬಾರದು. ಆ ಕಾಲದಲ್ಲಿ ಪ್ರಮಾಣವನ್ನು ಹೆಚ್ಚಿಸಬೇಕಾಗುವುದೇ ಸಾಮಾನ್ಯ.

ಔಷಧವನ್ನು ಸೇವಿಸುವವರಿಗೂ ಒಂದು ನಿಯಮವುಂಟು. ಗುಳಿಗೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನಾಗಲಿ ತಿಂಡಿಯನ್ನಾಗಲಿ ಮುಟ್ಟಬಾರದು. ಕಬ್ಬಿಣದ ಮತ್ತು ಸುಣ್ಣದ ಅಂಶವುಳ್ಳ ಗುಳಿಗೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಬೇಕು. ಪ್ರಮಾಣವನ್ನು ಬದಲಾಯಿಸಿದ ಆರೆಂಟು ವಾರಗಳಿಗೆ ಮತ್ತೆ ರಕ್ತವನ್ನು ಪರೀಕ್ಷಿಸಬೇಕು. ಅಡಿಗೆಮನೆಯಲ್ಲಿ ಅಯೊಡಿನ್ ಉಳ್ಳ ಉಪ್ಪನ್ನೇ ಮುಚ್ಚಿದ ಪಾತ್ರೆಯಲ್ಲಿಟ್ಟು ಬಳಸುವುದು ಲೇಸು. ಕಲ್ಲುಪ್ಪಿನಲ್ಲಿಯೂ ಸೈಂಧವ ಲವಣದಲ್ಲಿಯೂ ಬೇರೆಯಾಗಿ ಬೆರೆಸದ ಹೊರತು ಬೇಕಾದಷ್ಟು ಅಯೊಡಿನ್ ಇರುವುದಿಲ್ಲ. ಹಾಗೆಂದು ಉಪ್ಪನ್ನು ಹೆಚ್ಚಾಗಿ ಸುರಿಯುವುದು ರಕ್ತದೊತ್ತಡಕ್ಕೆ ಆಹ್ವಾನ. ದಿನಕ್ಕೆ 5 ಗ್ರಾಂಗಿಂತ ಕಡಮೆ ಸಾಕು. ಎಲೆಕೋಸು ಹೂಕೋಸುಗಳನ್ನು ಬೇಯಿಸಿ ಮಿತವಾಗಿ ಉಣ್ಣುವುದರಿಂದ ದೋಷವಿಲ್ಲ.

ಕಡೆಯದಾಗಿ ಒಂದು ಮಾತು. ಟಿ.ಎಸ್.ಎಚ್. 6 ಇದ್ದು ದಿನವೂ ಬೀಡಿ ಸೇದುವವನಿಗೆ, ರಕ್ತದೊತ್ತಡವನ್ನು ಅಳೆಯಿಸದವನಿಗೆ, ಸಿಹಿಮೂತ್ರದ ಪಥ್ಯವನ್ನು ಮುರಿಯುವವನಿಗೆ, ಹೃದಯದ ಅಪಾಯವು ಕೊರಳಿನ ಗ್ರಂಥಿಯಿಂದ ಬರುವುದಕ್ಕಿಂತ ಈ ನಡೆಗಳಿಂದಲೇ ಹೆಚ್ಚಾಗಿ ಬರುವುದು. ಗ್ರಂಥಿಯ ಅಂಕಿಯು ಏರಿದೆಯೆಂದು ತಿಳಿದ ದಿನವೇ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಈ ಮೂರನ್ನೂ ನೋಡಿಸಿಕೊಳ್ಳುವವನು ಆ ವರದಿಯಿಂದ ಪೂರ್ಣವಾದ ಪ್ರಯೋಜನವನ್ನು ಪಡೆದಂತಾಯಿತು. ಅಂಕಿಗೆ ಅಂಜದೆ, ಅದನ್ನು ಅಲಕ್ಷಿಸದೆ, ಬಲ್ಲ ವೈದ್ಯರೊಡನೆ ಸಮಾಲೋಚಿಸಿ, ದುಡಿಯುವ ಕಾಯವನ್ನು ಬಹುಕಾಲ ಉಳಿಸಿಕೊಳ್ಳುವುದು ಎಲ್ಲ ಗೃಹಸ್ಥರ ಕರ್ತವ್ಯವಾಗಿದೆ.