ಹಕ್ಕಿಯ ದನಿಯಿಂದ ಹಕ್ಕಿಯ ಲೆಕ್ಕ

ಕಾಡಿನ ಹಕ್ಕಿಗಳನ್ನು ಅವುಗಳ ದನಿಯ ಮುದ್ರಣದಿಂದ ಗುರುತಿಸಿ ಎಣಿಸುವ ವಿದ್ಯೆಯ ಮೂಲವನ್ನು ಹುಡುಕುತ್ತ ಹೋದರೆ, ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಹಾಡುವ ಶಾಮಾ ಹಕ್ಕಿಯೇ ಎದುರಾಗುತ್ತದೆ. 1889ರಲ್ಲಿ ಜರ್ಮನಿಯ ಲುಡ್ವಿಗ್ ಕೋಖ್ ಎಂಬ ಬಾಲಕನು ಎಡಿಸನ್ನನ ಫೋನೋಗ್ರಾಫಿನ ಮೇಣದ ಉರುಳೆಯ ಮೇಲೆ ಪಂಜರದ ಶಾಮಾದ ಹಾಡನ್ನು ಹಿಡಿದಿಟ್ಟನು. ತಿಳಿದಿರುವಂತೆ ಹಕ್ಕಿಯ ದನಿಯ ಮೊದಲ ಮುದ್ರಣ ಅದು. 1929ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಆರ್ಥರ್ ಅಲೆನ್ ಮತ್ತು ಸಂಗಡಿಗರು, ಮಾತಾಡುವ ಚಲನಚಿತ್ರಗಳಿಗೆಂದು ಸಿದ್ಧವಾಗಿದ್ದ ಉಪಕರಣವನ್ನು ಬಯಲಿಗೆ ಒಯ್ದು, ಸ್ವಚ್ಛಂದ ಹಕ್ಕಿಗಳ ದನಿಯನ್ನು ಮುದ್ರಿಸಿದರು.

ದನಿಯನ್ನು ಕೂಡಿಡುವುದು ಒಂದು ಕೆಲಸವಾದರೆ, ಅದನ್ನು ಓದುವುದು ಮತ್ತೊಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಸ್ಪೆಕ್ಟ್ರೋಗ್ರಾಫ್ ಯಂತ್ರವು ದನಿಯನ್ನು ಚಿತ್ರವಾಗಿಸಿತು; ಅದರಲ್ಲಿ ಅಡ್ಡಗೆರೆ ಕಾಲವನ್ನೂ, ಉದ್ದಗೆರೆ ಸ್ವರದ ಏರಿಳಿತವನ್ನೂ, ಮಸಿಯ ಗಾಢತೆ ದನಿಯ ಬಲವನ್ನೂ ಸೂಚಿಸುತ್ತವೆ. 1950ರ ದಶಕದಲ್ಲಿ ಕೇಂಬ್ರಿಜ್‌ನ ಡಬ್ಲ್ಯು. ಎಚ್. ಥಾರ್ಪ್ ಈ ಚಿತ್ರಗಳ ನೆರವಿನಿಂದ, ಚಾಫಿಂಚ್ ಮರಿಗಳು ಹಾಡನ್ನು ಹಿರಿಯ ಹಕ್ಕಿಗಳಿಂದ ಕೇಳಿ ಕಲಿಯುತ್ತವೆಂದು ತೋರಿಸಿದರು.

ಮನುಷ್ಯರಿಲ್ಲದಾಗಲೂ ಮರಕ್ಕೆ ಕಟ್ಟಿದ ಯಂತ್ರವೇ ನಿಗದಿತ ವೇಳೆಗೆ ಮುದ್ರಿಸುವ ಕ್ರಮಕ್ಕೆ ನಿಷ್ಕ್ರಿಯ ಧ್ವನಿ ನಿಗಾವಣೆ ಎನ್ನುತ್ತಾರೆ. ಆಡಿಯೋಮಾತ್‌ನಂಥ ಅಗ್ಗದ ಪುಟ್ಟ ಉಪಕರಣಗಳೂ, 6,000ಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಬಲ್ಲ ಬರ್ಡ್‌ನೆಟ್ ಎಂಬ ಗಣಕ ವ್ಯವಸ್ಥೆಯೂ ಬಂದ ಮೇಲೆ ಮುದ್ರಣ ಸುಲಭವಾಯಿತು. ಆದರೆ ಹೆಸರಿಡುವ ಹೊಣೆ ಯಂತ್ರದ್ದೇ ಎಂಬ ಭ್ರಮೆಯೂ ಅದರೊಂದಿಗೆ ಹಬ್ಬಿತು.

ಕರ್ನಾಟಕದ ಅನುಭವ ಈ ಭ್ರಮೆಗೆ ಒಳ್ಳೆಯ ಮದ್ದು. ಕುದುರೆಮುಖದ ನಿತ್ಯಹಸಿರು ಕಾಡಿನಲ್ಲಿ ಇರುಳಿನಲ್ಲಿ ಕೂಗುವ ಮಿಡತೆ ವರ್ಗದ ಕೀಟಗಳನ್ನು ಅಭ್ಯಸಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾತಿ ದಿವಾಕರ್, ರೋಹಿಣಿ ಬಾಲಕೃಷ್ಣನ್ ಮೊದಲಾದವರು, ಪಳಗಿದ ಕೇಳುಗನ ಕಿವಿಯೇ ನಂಬಲರ್ಹ ಸಾಧನವಾಗಬಲ್ಲದೆಂದು 2007ರಲ್ಲಿ ನಿರೂಪಿಸಿದರು. ಬಿಳಿಗಿರಿರಂಗನ ಬೆಟ್ಟದ ಭೀಮರಾಜ ಹಕ್ಕಿಯಂತೂ ಇತರ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ನಿಸ್ಸೀಮವಾಗಿದ್ದು, ಧ್ವನಿಚಿತ್ರವನ್ನಷ್ಟೇ ನಂಬಿದ ಲೆಕ್ಕಿಗನು ಅಲ್ಲಿಲ್ಲದ ಹಕ್ಕಿಯನ್ನೂ ಪಟ್ಟಿಗೆ ಸೇರಿಸಿಯಾನು. ಈ ಅಣಕವನ್ನು ಅಭ್ಯಸಿಸಿದ ಸಮೀರಾ ಅಗ್ನಿಹೋತ್ರಿಯವರು ಔಂಗ್ ಸಿ ಅವರೊಂದಿಗೆ ಆ ಬೆಟ್ಟದ ಸೋಲಿಗ ಬುಡಕಟ್ಟಿನವರ ಪಕ್ಷಿಜ್ಞಾನವನ್ನೂ 2012ರಲ್ಲಿ ಪ್ರಕಟಿಸಿದ್ದು ಆಕಸ್ಮಿಕವೆನಿಸುವುದಿಲ್ಲ.

ಇನ್ನು ಕರ್ನಾಟಕದ ಒಣನೆಲವಾದ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಅಂಥ ದಟ್ಟ ಕಾಡಿಲ್ಲ. ಕುರುಚಲು, ಬಂಡೆಗುಡ್ಡ, ಎರೆಹೊಲ ಮತ್ತು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿವೆ. ಗುಡ್ಡದ ಕೊಂಬಿನ ಗೂಬೆ, ಮುಸ್ಸಂಜೆಯ ನತ್ತಿಂಗ, ನಸುಕಿನ ಗೌಜಲಕ್ಕಿ ಮೊದಲಾದ ಒಣಸೀಮೆಯ ಹಕ್ಕಿಗಳು ಮೈಬಣ್ಣದಿಂದ ನೆಲದೊಳಗೆ ಕರಗಿ ಕಣ್ಣಿಗೆ ಬೀಳುವುದೇ ಕಡಿಮೆಯಾದುದರಿಂದ, ದಟ್ಟ ಕಾಡಿನಂತೆ ಇಲ್ಲಿಯೂ ಕಿವಿಯ ಲೆಕ್ಕವೇ ಹೆಚ್ಚು ಸಲ್ಲುತ್ತದೆ. ತುಂಗಭದ್ರೆಯಾಚೆಯ ಸಿರುಗುಪ್ಪದ ಬಯಲಿನಲ್ಲಿ ಕಂಡುಬಂದಿರುವ ಎರ್ಲಡ್ಡು, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ತೀರ ತಗ್ಗು ಸ್ವರದಲ್ಲಿ ಗುಮ್ಮೆನ್ನುವುದರಿಂದ, ಗಾಳಿಯ ಸದ್ದನ್ನು ತಡೆಯಲೆಂದು ಕೆಳಸ್ವರಗಳನ್ನೆಲ್ಲ ಸೋಸಿಬಿಡುವ ಯಂತ್ರದಲ್ಲಿ ಅದರ ಕರೆಯೂ ಸೋಸಿಹೋಗಬಹುದು.

ಆದ್ದರಿಂದ ಈ ಸೀಮೆಯಲ್ಲಿ ಯಂತ್ರವನ್ನು ಕಟ್ಟುವವರು ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ ಅದನ್ನು ಬಂಡೆಯ ಮರೆಗಿಡಬೇಕಾಗುತ್ತದೆ. ಕೊಯ್ಲಿನ ಕಾಲದಲ್ಲಿ ಕೊಯ್ಲುಯಂತ್ರಗಳ ಆರ್ಭಟವಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕಾಗುತ್ತದೆ. ಮುದ್ರಿಸಿದ ದನಿಯನ್ನು ಗಣಕಕ್ಕೆ ಕೊಡುವ ಮುನ್ನ, ಗುಡ್ಡದಂಚಿನಲ್ಲಿ ಕುರಿ ಕಾಯುವವರಿಗೆ ಒಮ್ಮೆ ಕೇಳಿಸಬೇಕಾಗುತ್ತದೆ.